ಗಡಿಯ ಚೌಕಗಳ ವಾಮದೇವಪ್ಪನವರು

ಫೋನೆತ್ತಿಕೊಂಡ ವಾಮದೇವಪ್ಪನವರು ಎಂದೂ ಮೊದಲು ಮಾತಾಡಿದವರಲ್ಲ. ರಿಸೀವರ್ ಎತ್ತಿದ ಸದ್ದು ಬರುತ್ತಿತ್ತು, ಆಮೇಲೆ ಅವರ ಉಸಿರು, ಅದರ ಹಿಂದೆ ಹರಪನಹಳ್ಳಿ ಬಸ್ ನಿಲ್ದಾಣದ ಹಾರನ್ ಸದ್ದು. ಈಚೆಯವರು ತಮ್ಮ ಹೆಸರು, ಊರು, ಫೋನ್ ಮಾಡಿದ ಕಾರಣ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆಯೇ ಅವರ ಬಾಯಿ ತೆರೆಯುತ್ತಿದ್ದುದು. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಲೈನ್ ಸತ್ತಿದೆ ಎಂದುಕೊಂಡು ಎರಡು ಸಲ ಇಟ್ಟುಬಿಟ್ಟೆ. ಮೂರನೇ ಸಲ ಸುಮ್ಮನೆ ಹೇಳಿ ನೋಡಿದೆ: "ಕೊಟ್ಟೂರಿನಿಂದ ಗಿರಿಜಾ ಮಾತಾಡೋದ್ರಿ. ಹೊಸದಾಗಿ ಬಂದೀನಿ."

"ಮೊದಲಿದ್ದವ ಎಲ್ಲಿ ಹೋದ?"

"ಗೊತ್ತಿಲ್ರಿ ಸರ್."

"ಯಾಕ ಹೋದ ಅಂತ ಕೇಳದ ಅವನ ಕುರ್ಚಿ ಮ್ಯಾಲೆ ಕುಂತ್ರೇನು?"

ನಮ್ಮ ಪರಿಚಯ ಆದದ್ದು ಹೀಗೆ. ಮುಂದೆ ಎರಡು ವರ್ಷ ಈ ದನಿಯ ಜೊತೆ ದಿನಾ ಬೆಳಿಗ್ಗೆ ಗುದ್ದಾಡಬೇಕಾಗುತ್ತದೆ ಎಂದು ಅವತ್ತು ನನಗೆ ತಿಳಿದಿರಲಿಲ್ಲ.

ಎರಡು ಸಾವಿರದ ನಾಲ್ಕೈದರ ಸುಮಾರಿನ ಮಾತು. ಮಳೆಯ ಮುನ್ಸೂಚನೆಯನ್ನು ಹಳ್ಳಿಗಳಿಗೆ ಮುಟ್ಟಿಸುವ ಯೋಜನೆಯೊಂದು ನಮ್ಮ ಕಡೆ ಬಂದಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಊರುಗಳಲ್ಲಿ ಒಂದೊಂದು ಕೋಣೆ, ಕೋಣೆಗೊಂದು ಕಂಪ್ಯೂಟರು, ಒಂದು ಫೋನು. ಬೆಳಿಗ್ಗೆ ಎಂಟಕ್ಕೆ ಯೋಜನೆಯ ಕೇಂದ್ರ ಕಚೇರಿಯಿಂದ ಒಂದು ನಕ್ಷೆ ಇಳಿಯುತ್ತಿತ್ತು. ಇಡೀ ಸೀಮೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಕೊಯ್ದು, ಪ್ರತಿ ಚೌಕದಲ್ಲೂ ಇವತ್ತು ನಾಳೆ ಎಷ್ಟು ಮಿಲಿಮೀಟರ್ ಮಳೆ ಬರಬಹುದು ಎಂಬ ಅಂಕಿ ಹಾಕಿರುತ್ತಿದ್ದರು. ದೂರದಲ್ಲಿ ಕೂತವರ ಲೆಕ್ಕ ಅದು. ನೆಲ ಕಂಡವರು ಅದನ್ನು ತಿದ್ದಬೇಕು, ಅದಕ್ಕೇ ನಾವು. ತಿದ್ದಿದ ನಕ್ಷೆ ಹನ್ನೊಂದಕ್ಕೆ ಕೇಂದ್ರಕ್ಕೆ ಹೋಗಿ, ಮಧ್ಯಾಹ್ನದೊಳಗೆ ಪಂಚಾಯಿತಿಗಳ ಮುಂದಿನ ಕಪ್ಪು ಹಲಗೆಗಳ ಮೇಲೆ ಸೀಮೆಸುಣ್ಣದ ಅಕ್ಷರವಾಗುತ್ತಿತ್ತು.

ತೊಡಕು ಇದ್ದದ್ದು ಗಡಿಯಲ್ಲಿ. ಕೊಟ್ಟೂರಿನ ಕೊನೆಯ ಚೌಕ ಮತ್ತು ಹರಪನಹಳ್ಳಿಯ ಮೊದಲ ಚೌಕ ಒಂದಕ್ಕೊಂದು ಅಂಟಿಕೊಂಡಿದ್ದವು. ಇತ್ತ ನಾನು ಇಪ್ಪತ್ತು ಹಾಕಿ ಅತ್ತ ಅವರು ಸೊನ್ನೆ ಹಾಕಿದರೆ ನಡುವೆ ಕೆಂಪು ಗೆರೆ ಬಂದು ನಕ್ಷೆ ಮುಂದಕ್ಕೆ ಹೋಗುತ್ತಿರಲಿಲ್ಲ. ಎರಡೂ ಕೋಣೆಯವರು ಫೋನಿನಲ್ಲಿ ಮಾತಾಡಿ ಒಂದು ಅಂಕಿಗೆ ಬಂದು ಒಪ್ಪಿಗೆಯ ಗುಂಡಿ ಒತ್ತಬೇಕು. ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿ ಕೆಲವು ವರ್ಷಗಳಾಗಿದ್ದವು, ನಾವು ಬಳ್ಳಾರಿಯವರು. ಎರಡು ಜಿಲ್ಲೆಯ ಕಾಗದಗಳಲ್ಲಿ ಮಳೆ ಗಡಿ ಕಲ್ಲು ನೋಡಿ ನಿಂತುಬಿಡುತ್ತಿತ್ತು. ಬಾಕಿ ಮೂರು ಕೋಣೆಯವರ ಜೊತೆ ನನ್ನ ಗಡಿ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ವಾಮದೇವಪ್ಪನವರದು ಮಾತ್ರ ಮುಗಿಯುತ್ತಿರಲಿಲ್ಲ.

ಅವರು ಹಳೆಯ ಕಾಲದ ಸರ್ಕಾರಿ ನೌಕರರು. ತಾಲ್ಲೂಕು ಕಚೇರಿಯಲ್ಲಿ ಮಳೆ ಮಾಪನದ ಕಾಗದ ನೋಡಿಕೊಂಡಿದ್ದವರನ್ನು ಈ ಯೋಜನೆಗೆ ಎರವಲು ಕೊಟ್ಟಿದ್ದರು. ಚೌಕ ಅನ್ನುತ್ತಿರಲಿಲ್ಲ, ಚೌಕಾಬಾರದ ಆಟದಲ್ಲಿ ಅನ್ನುವ ಹಾಗೆ 'ಮನಿ' ಅನ್ನುತ್ತಿದ್ದರು.

"ಗಡಿಯಾಗ ಚಿಗಟೇರಿ ಬಾಜೂಕ ಎರಡು ಮನಿಗೆ ಹದಿನೈದು ಹಾಕೀರಿ. ಯಾರು ಕಂಡಾರ?"

"ಮೋಡ ಐತ್ರಿ ಸರ್."

"ಮೋಡ ಐತಿ ಅಂತ ಕಂಡವರ್ಯಾರು? ಹೆಸರು ಹೇಳ್ರಿ."

ನಾನು ಕಿಟಕಿಯಿಂದ ಕಂಡಿದ್ದೇನೆ ಅಂದರೆ, ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳುತ್ತಿದ್ದರು. ಅವರ ಬಳಿ ಒಂದು ಉದ್ದನೆಯ ನೋಟುಬುಕ್ಕಿತ್ತು. ಅದರಲ್ಲಿ ದಿನದಿನದ ಅಂಕಿಯ ಪಕ್ಕ ಅದನ್ನು ಹೇಳಿದವರ ಹೆಸರು. ನೀಲಗುಂದದ ಕಡೆಯಿಂದ ಹಾಲು ತರುವ ಹೆಂಗಸು, ಉಚ್ಚಂಗಿದುರ್ಗದ ಗುಡ್ಡದ ಕೆಳಗೆ ಕುರಿ ಕಾಯುವವರು, ಬೆಳಗಿನ ಬಸ್ಸಿನ ಕಂಡಕ್ಟರು. ಒಬ್ಬರು ಹೇಳಿದರೆ ಅದನ್ನು ಪೆನ್ಸಿಲಿನಲ್ಲಿ ಬರೆಯುವುದು, ಇನ್ನೊಬ್ಬರು ಅದನ್ನೇ ಹೇಳಿದರೆ ಮಾತ್ರ ಮೇಲೆ ಶಾಯಿ ಹಚ್ಚುವುದು. ಪಾಸ್‌ವರ್ಡ್ ಒತ್ತುವಾಗ ಕೀಲಿಮಣೆಯ ಮೇಲೆ ಟವೆಲ್ ಹೊದಿಸಿ ಅದರೊಳಗೆ ಕೈ ತೂರಿಸುತ್ತಾರೆ ಎಂದು ಹಡಗಲಿ ಕೋಣೆಯವರು ಹೇಳಿ ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ನಾನು ಗುತ್ತಿಗೆಯ ಮೇಲೆ ಸೇರಿದವಳು. ಅಪ್ಪನ ಕಾಲು ಮುರಿದು ಮನೆಯಲ್ಲಿ ಕೂತ ಮೇಲೆ ಸಿಕ್ಕಿದ ಕೆಲಸ ಅದು. ನಕ್ಷೆ ತಡವಾದರೆ ಕೇಂದ್ರದವರು ಬೈಯುತ್ತಿದ್ದುದು ನನ್ನನ್ನು, ವಾಮದೇವಪ್ಪನವರನ್ನಲ್ಲ. ಬರಬರುತ್ತಾ ಅವರು ಕೇಳಿದ್ದಕ್ಕೆಲ್ಲ ಹೂಂ ಅನ್ನುವುದನ್ನು ಕಲಿತೆ. ಒಂದು ದಿನ ಅವರು, "ಗಡಿ ಮನಿಗೆ ಮೂವತ್ತು ಹಾಕೂಣು?" ಅಂದರು. ಆಕಾಶ ಬೋಳಾಗಿತ್ತು. ಆದರೂ ನಾನು, "ಹೂಂ ಹಾಕ್ರಿ ಸರ್" ಅಂದೆ.

ಆ ಕಡೆ ನೋಟುಬುಕ್ ಮುಚ್ಚಿದ ಸದ್ದಾಯಿತು.

"ನಾನು ಬೇಕಂತ ಸುಳ್ಳು ಹೇಳಿದ್ದು. ನೀವು ಯಾಕ ಹೂಂ ಅಂದ್ರಿ?"

"ನೀವು ದೊಡ್ಡವರು ಅಂತ ಅಂದೆ."

"ದೊಡ್ಡವರು ಅಂತ ಮಳಿ ಬರತೈತೇನಮ್ಮಾ? ನಾಳಿ ಯಾರೋ ಬಂದು ನಾನೂರು ಅಂದ್ರೂ ಹೂಂ ಅಂತೀರಿ."

ಫೋನಿಟ್ಟು ಅತ್ತೆ. ನನ್ನನ್ನು ಕಳ್ಳಿಯಂತೆ ಪರೀಕ್ಷೆ ಮಾಡುತ್ತಾರಲ್ಲ ಎಂದು ಸಿಟ್ಟು ಬಂತು. ಹಟಕ್ಕೆ ಬಿದ್ದು ನಾನೂ ಒಂದು ನೋಟುಬುಕ್ ಕೊಂಡೆ. ಉಜ್ಜಿನಿಯಿಂದ ಹೂ ತರುವಾಕೆಯನ್ನು, ಆ ಕಡೆಯ ಶಾಲೆಗಳಿಗೆ ಹೋಗುವ ಟೀಚರುಗಳನ್ನು ಬೆಳಿಗ್ಗೆ ಬಸ್ ಹತ್ತಿರ ನಿಲ್ಲಿಸಿ ಕೇಳತೊಡಗಿದೆ. ತಿಂಗಳಾಗುವಷ್ಟರಲ್ಲಿ ನನ್ನ ಅಂಕಿಗಳು ಮೊದಲಿಗಿಂತ ಸರಿಯಾಗುತ್ತಿವೆ ಎಂಬುದು ನನಗೇ ಗೊತ್ತಾಯಿತು. ಅದನ್ನು ಅವರಿಗೆ ಹೇಳಲಿಲ್ಲ.

ಅವರ ಅನುಮಾನ ಯಾವಾಗಲೂ ಗೆದ್ದಿತೆಂದೇನಲ್ಲ. ಆಷಾಢದ ಒಂದು ಬೆಳಿಗ್ಗೆ ಹೂವಿನಾಕೆ, ಪಡುವಣ ದಿಕ್ಕಿನಲ್ಲಿ ಕರೀ ಮೋಡ ಕಟ್ಟಿದೆ, ಸುಮ್ಮನೆ ಹೋಗುವ ಮೋಡವಲ್ಲ ಎಂದಳು. ನಾನು ನಲವತ್ತು ಎಂದೆ. ಒಬ್ಬರೇ ಕಂಡದ್ದು ಎಂದು ವಾಮದೇವಪ್ಪನವರು ಒಪ್ಪಲಿಲ್ಲ. ಜಗಳಾಡಿ ಕೊನೆಗೆ ಹತ್ತಕ್ಕೆ ಇಳಿಸಿದೆವು. ಸಂಜೆ ಜಡಿ ಮಳೆ ಹೊಡೆದು ಚಿಗಟೇರಿಯ ಆಚೀಚೆ ಹೊಲಗಳಲ್ಲಿ ಆಗಷ್ಟೇ ಹಾಕಿದ ಗೊಬ್ಬರ ನೀರಿನ ಜೊತೆ ಹರಿದುಹೋಯಿತು. ಮಾರನೆಯ ದಿನ ಅವರೇ ಫೋನ್ ಮಾಡಿದರು.

"ನಿನ್ನಿದು ನಂದು ತಪ್ಪು. ನಿಮ್ಮ ಪುಸ್ತಕದಾಗ ಬರ್ಕೊಳ್ರಿ, ಹರಪನಹಳ್ಳಿಯವರು ತಡದ್ರು ಅಂತ."

"ಇರ್ಲಿ ಬಿಡ್ರಿ ಸರ್."

"ಇರ್ಲಿ ಅಂದ್ರ ಹೆಂಗ? ಬರ್ದು ಓದಿ ಹೇಳ್ರಿ."

ಬರೆದು ಓದಿ ಹೇಳಿದೆ. 'ತಡದ್ರು' ಎಂಬುದರ ಹಿಂದೆ ತಮ್ಮ ಹೆಸರು ಇಲ್ಲ ಎಂದು ಅದನ್ನೂ ಬರೆಸಿದರು.

ಇಷ್ಟಾದರೂ ನನಗೆ ಅವರ ಮೇಲೆ ನಂಬಿಕೆ ಹುಟ್ಟಲಿಲ್ಲ. ಇನ್ನೊಬ್ಬರನ್ನು ಅಷ್ಟು ಶಂಕಿಸುವವರ ಒಳಗೆ ಏನೋ ಇರಬೇಕು ಎಂದು ಅನ್ನಿಸುತ್ತಿತ್ತು. ಆ ಮಾತನ್ನು ನನ್ನ ತಲೆಯಲ್ಲಿ ಬಿತ್ತಿದವರು ನಮ್ಮ ಕೊಟ್ಟೂರು ಕಚೇರಿಯ ಅಧಿಕಾರಿ. ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು. ನಗುನಗುತ್ತಾ ಮಾತಾಡುವವರು, ಅಪ್ಪನ ಕಾಲು ಹೇಗಿದೆ ಎಂದು ವಾರಕ್ಕೊಮ್ಮೆ ವಿಚಾರಿಸುವವರು. ಅವರು ಒಂದು ದಿನ ನನ್ನ ಮೇಜಿನ ಅಂಚಿಗೆ ಒರಗಿ, "ಆ ವಾಮದೇವಪ್ಪನ ಹೆಂಡ್ತಿ ತಮ್ಮ ಹರಪನಹಳ್ಳಿಯಾಗ ಮೆಕ್ಕೆಜೋಳದ ದಲ್ಲಾಳಿ ಅಂಗಡಿ ಇಟ್ಟಾನಂತ, ಗೊತ್ತೈತೇನಮ್ಮ?" ಎಂದರು. ನನಗೆ ಗೊತ್ತಿರಲಿಲ್ಲ. ವಾಮದೇವಪ್ಪನವರು ಎಂದೂ ಹೇಳಿರಲಿಲ್ಲ.

ದಸರೆಯ ನಂತರ ಮೆಕ್ಕೆಜೋಳದ ಸುಗ್ಗಿ. ಹರಪನಹಳ್ಳಿ ರಸ್ತೆಯ ಉದ್ದಕ್ಕೂ, ಕಣದಲ್ಲಿ, ಶಾಲೆಯ ಅಂಗಳದಲ್ಲಿ ಕೂಡ ಕಾಳು ಹರವಿ ಒಣಗಿಸುತ್ತಾರೆ. ನಾಲ್ಕು ದಿನ ಬಿಸಿಲು ಕಂಡ ಕಾಳಿಗೆ ಒಂದು ಬೆಲೆ, ಹಸಿ ಕಾಳಿಗೆ ಇನ್ನೊಂದು. ಮಳೆ ಬರುತ್ತದೆ ಅಂದರೆ ಯಾರೂ ಕಾಯುವುದಿಲ್ಲ, ಹೇಳಿದ ಬೆಲೆಗೆ ತುಂಬಿಕೊಟ್ಟುಬಿಡುತ್ತಾರೆ.

ಆ ವಾರ ನಾವಿಬ್ಬರೂ ಗಡಿಯ ಚೌಕಗಳಿಗೆ ಸೊನ್ನೆ ಹಾಕಿ ಹತ್ತೂವರೆಗೆ ಒಪ್ಪಿಗೆ ಒತ್ತಿದ್ದೆವು. ಮಧ್ಯಾಹ್ನ ನೋಡಿದರೆ ಹಲಗೆಗಳ ಮೇಲೆ 'ಭಾರಿ ಮಳೆ' ಎಂದು ಬರೆದಿತ್ತು. ನನ್ನ ಪರದೆಯಲ್ಲೂ ಐವತ್ತು. ಒಪ್ಪಿಗೆಯಾದ ಗಡಿ ಚೌಕಗಳು ಆಮೇಲೆ ಯಾವಾಗಲೂ ಜೊತೆಯಲ್ಲೇ ಇರುವಂತೆ ಆ ಕಾರ್ಯಕ್ರಮವನ್ನು ಮಾಡಿದ್ದರು. ಹತ್ತೂವರೆಯಿಂದ ಹನ್ನೊಂದರವರೆಗೆ ಯಾವ ಕಡೆಯವರು ತಿದ್ದಿದರೂ ಎರಡೂ ಕಡೆ ಬದಲಾಗುತ್ತಿತ್ತು. ಯಾರು ತಿದ್ದಿದರು ಎಂಬುದು ಕೇಂದ್ರದವರಿಗೆ ಮಾತ್ರ ಕಾಣುತ್ತಿತ್ತು. ನಾನು ತಿದ್ದಿರಲಿಲ್ಲ. ಹಾಗಾದರೆ ಉಳಿದವರು ಯಾರು?

ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಅವರು ಗುಡುಗಿದರು. "ಐವತ್ತು ಯಾಕ ಹಾಕಿದ್ರಿ?"

"ನಾನಲ್ರಿ, ನೀವು ಹಾಕೀರಿ."

"ನಾನು ಹಾಕಿದ್ದು ಸೊನ್ನಿ. ನನ್ನ ಪುಸ್ತಕದಾಗ ಮೂರು ಮಂದಿ ಹೆಸರೈತಿ."

ಮಳೆ ಬರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು, ಮತ್ತೆ ಒಂದು ಸಲ. ಚಿಗಟೇರಿಯ ಕಡೆಯವರು ಒಣಗದ ಕಾಳನ್ನು ಟ್ರ್ಯಾಕ್ಟರಿಗೆ ತುಂಬಿ ಮಾರಿದರು. ನಿಚ್ಚಳ ಬಿಸಿಲಿನಲ್ಲಿ ಖಾಲಿಯಾದ ರಸ್ತೆಯನ್ನು ಬಸ್ಸಿನಿಂದ ನಾನೇ ನೋಡಿದೆ.

ಸಾಹೇಬರು ನನ್ನನ್ನು ಒಳಗೆ ಕರೆದರು. "ಕೇಂದ್ರದವರು ಕೇಳಿದ್ರ ನಿನ್ನ ಕುತ್ತಿಗೆಗೆ ಬರತೈತಿ. ಅವರಿಗಿಂತ ಮೊದಲು ನಾವು ಬರೆಯೋದು ಚಲೋ" ಎಂದು ಒಂದು ಹಾಳೆ ಕೊಟ್ಟರು. ಅವರು ಹೇಳಿದರು, ನಾನು ಬರೆದೆ. ಹರಪನಹಳ್ಳಿಯ ವಾಮದೇವಪ್ಪನವರು ತಮ್ಮ ಹೆಂಡತಿಯ ತಮ್ಮನಿಗೆ ಅನುಕೂಲವಾಗಲೆಂದು ಅಂಕಿ ತಿದ್ದುತ್ತಿದ್ದಾರೆ ಎಂದು. ಆ ತಮ್ಮನ ಹೆಸರನ್ನೂ ಅಂಗಡಿಯ ಹೆಸರನ್ನೂ ಸಾಹೇಬರೇ ಕೊಟ್ಟರು. ಕೆಳಗೆ ಸಹಿ ನನ್ನದು. ಸಹಿ ಹಾಕುವಾಗ ಕೈ ತಡೆಯಿತು, ಆದರೆ ತಡೆದದ್ದು ಭಯಕ್ಕೆ ಹೊರತು ಸುಳ್ಳು ಬರೆಯುತ್ತಿದ್ದೇನೆ ಎಂದಲ್ಲ. ಅವರೇ ಮಾಡಿದ್ದಾರೆ ಎಂದು ನಾನು ಮನಸ್ಸಿನಲ್ಲಿ ನಂಬಿದ್ದೆ.

ಕಾಗದ ಹೋಗಿ ಐದಾರು ದಿನವಾಗಿತ್ತು. ಮಧ್ಯಾಹ್ನ ಸಾಹೇಬರು ಊಟಕ್ಕೆ ಹೋದ ಹೊತ್ತಿನಲ್ಲಿ ಬಾಗಿಲಲ್ಲಿ ಒಬ್ಬ ತೆಳ್ಳನೆಯ, ಎತ್ತರದ ಮನುಷ್ಯ ಬಂದು ನಿಂತರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಉದ್ದನೆಯ ನೋಟುಬುಕ್ಕು. ಒಳಗೆ ಬರಲಿಲ್ಲ. ಮೊದಲು ಕೋಣೆಯ ನಾಲ್ಕೂ ಮೂಲೆ ನೋಡಿದರು.

"ಗಿರಿಜಮ್ಮ ಅಂದ್ರ ನೀವೇನು?"

ದನಿ ಕೇಳಿ ಎದ್ದು ನಿಂತೆ.

ಅವರು ಕುರ್ಚಿ ಎಳೆದುಕೊಂಡು ಕೂತು, ನನ್ನ ನೋಟುಬುಕ್ ಕೇಳಿದರು. ತಮ್ಮದನ್ನು ಪಕ್ಕದಲ್ಲಿ ತೆರೆದಿಟ್ಟರು. ಅಂಕಿ ಬದಲಾದ ಮೂರೂ ದಿನಗಳ ಮೇಲೆ ಬೆರಳಿಟ್ಟು ಹೋಲಿಸಿದರು. ಮೂರೂ ದಿನ ಇಬ್ಬರ ಬರಹವೂ ಒಂದೇ, ಸೊನ್ನೆ.

"ಹತ್ತೂವರೆ ಆದಮ್ಯಾಲೆ ನೀವು ಎಲ್ಲಿರ್ತೀರಿ?"

"ಆ ದಿನಗಳಾಗ ಸಾಹೇಬರು ಅಂಚೆ ಕಚೇರಿಗೆ ಕಳಿಸಿದ್ರು. ರಿಜಿಸ್ಟರ್ ಕಾಗದ ಹಾಕಿ ಬಾ ಅಂತ."

"ಮೂರೂ ದಿನ?"

ನಾನು ಯೋಚಿಸಿದೆ. ಹೌದು, ಮೂರೂ ದಿನ.

"ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತೈತಿ?"

ಯಾರಿಗೂ ಇಲ್ಲ ಎಂದೆ. ಅವರು ಮೇಜಿನ ಗಾಜಿನ ಕೆಳಗೆ ಬಗ್ಗಿ ನೋಡಿದರು. ಕ್ಯಾಲೆಂಡರ್ ತುಂಡಿನ ಪಕ್ಕ ಸಣ್ಣ ಚೀಟಿಯಲ್ಲಿ ಅದನ್ನು ನಾನೇ ಬರೆದಿಟ್ಟಿದ್ದೆ. ಅವರು ತಲೆಯೆತ್ತಿ ನನ್ನ ಮುಖವನ್ನು ನೋಡಿದರು.

"ಕೇಂದ್ರಕ್ಕ ಬರದು ಕೇಳೀನಿ. ಉತ್ತರ ಬರೋದ್ರಾಗ ಸುಗ್ಗಿ ಮುಗೀತೈತಿ. ನಾಳಿ ಮುಂಜಾನಿ ಪಾಸ್‌ವರ್ಡ್ ಬದಲಿ ಮಾಡ್ರಿ. ಯಾರಿಗೂ ಹೇಳಬ್ಯಾಡ್ರಿ, ನನಗೂ ಹೇಳಬ್ಯಾಡ್ರಿ. ಆಮ್ಯಾಲೆ ಅದರ ಸುದ್ದಿ ಮೊದಲು ಯಾರು ತೆಗೀತಾರ ನೋಡ್ರಿ. ಬದಲಾಗೈತಿ ಅಂತ ಗೊತ್ತಾಗೋದು ಒಳಗ ಹೋಗಾಕ ಹೋದವರಿಗಷ್ಟ."

ಅವರು ಎದ್ದರು. ನಾನು ತಡೆಯಲಾರದೆ ಕೇಳಿದೆ, "ನಿಮ್ಮ ಮನಿಯವರ ತಮ್ಮ ಜೋಳದ ವ್ಯಾಪಾರ ಮಾಡ್ತಾರಂತಲ್ರಿ?"

"ಮಾಡ್ತಾನ. ಅದಕ್ಕ ಈ ಕೆಲಸಕ್ಕ ಬಂದ ದಿನದಿಂದ ಅವನ ಮನಿ ಮೆಟ್ಲ ತುಳಿದಿಲ್ಲ. ಅವನೂ ನಮ್ಮನಿಗೆ ಬರಬಾರ್ದು ಅಂದೀನಿ. ಗೌರಿ ಹಬ್ಬಕ್ಕ ಅಕ್ಕಗ ಸೀರಿ ತಂದವನ್ನ ಬಾಗಿಲದಾಗಿಂದ ವಾಪಸ್ ಕಳಿಸೀನಿ. ನನ್ನ ಹೆಂಡ್ತಿ ಎರಡು ದಿನ ಉಂಡಿಲ್ಲ."

"ಯಾಕ್ರಿ ಅಷ್ಟೊಂದು?"

"ನನ್ನ ಬಾಯಿ ಮ್ಯಾಲೆ ನನಗ ನಂಬಿಗಿಲ್ಲ. ಉಣ್ಣೂಮುಂದ ನಾಳಿ ಮಳಿ ಐತಿ ಅಂದುಬಿಟ್ರ?"

ಮಾರನೆಯ ಬೆಳಿಗ್ಗೆ ಅವರು ಹೇಳಿದಂತೆ ಪಾಸ್‌ವರ್ಡ್ ಬದಲಿಸಿದೆ. ಗಾಜಿನ ಕೆಳಗಿನ ಹಳೆಯ ಚೀಟಿಯನ್ನು ಹಾಗೇ ಬಿಟ್ಟೆ. ಹತ್ತೂವರೆಗೆ ಸಾಹೇಬರು ಒಂದು ಲಕೋಟೆ ಕೊಟ್ಟು ಅಂಚೆಗೆ ಹಾಕಿ ಬಾ ಎಂದರು. ಹೋಗಿ ಬಂದೆ. ಮೆಟ್ಟಿಲು ಹತ್ತುತ್ತಿದ್ದ ಹಾಗೇ ಅವರು ಬಾಗಿಲಿಗೆ ಬಂದರು, ಮುಖದಲ್ಲಿ ನಗುವಿರಲಿಲ್ಲ.

"ಗಿರಿಜಾ, ಪಾಸ್‌ವರ್ಡ್ ಯಾಕ ಬದಲಿ ಮಾಡ್ದಿ?"

ನಾನು ಅಂಚೆಯ ರಸೀದಿ ಹಿಡಿದು ಅವರನ್ನೇ ನೋಡಿದೆ. ಅವರಿಗೂ ತಾವು ಕೇಳಿದ್ದೇನೆಂದು ಅರ್ಥವಾಗಿರಬೇಕು. "ಅಲ್ಲ, ಕೇಂದ್ರದವರು ಫೋನ್ ಮಾಡಿದ್ರು" ಎಂದು ಏನೋ ಹೇಳಿ ಒಳಗೆ ಹೋದರು. ಆ ದಿನ ಹಲಗೆಗಳ ಮೇಲೆ ಸೊನ್ನೆಯೇ ಇತ್ತು, ಬಿಸಿಲೂ ಇತ್ತು. ಕಚೇರಿಗೆ ಆಗಾಗ ಕಾರಿನಲ್ಲಿ ಬಂದು ಸಾಹೇಬರ ಕೋಣೆಯಲ್ಲಿ ಚಹಾ ಕುಡಿದು ಹೋಗುತ್ತಿದ್ದ ಕಾಳಿನ ವ್ಯಾಪಾರಿಯೊಬ್ಬರು ನೆನಪಾದರು. ಅಲ್ಲಿಯವರೆಗೂ ನಾನು ಅವರನ್ನು ನೆಂಟರೆಂದು ತಿಳಿದಿದ್ದೆ.

ಅಂದು ರಾತ್ರಿಯೇ ಕೂತು ಎಲ್ಲವನ್ನೂ ಕೇಂದ್ರಕ್ಕೆ ಬರೆದೆ. ಮೊದಲ ದೂರು ನಾನು ಕಂಡು ಬರೆದದ್ದಲ್ಲ, ಹೇಳಿಸಿಕೊಂಡು ಬರೆದದ್ದು ಎಂದೂ ಬರೆದೆ. ಕೆಲಸ ಹೋಗುತ್ತದೆ ಎಂದು ಅಮ್ಮ ಬೇಡವೆಂದಳು. ಅಪ್ಪ ಮಾತ್ರ ಹಾಸಿಗೆಯಿಂದಲೇ, "ಅಂಚೆಗೆ ಹಾಕಿ ಬಾ" ಎಂದ.

ವಿಚಾರಣೆ ನಡೆಯಿತು. ತಿದ್ದುಪಡಿಗಳೆಲ್ಲ ನನ್ನ ಹೆಸರಿನಲ್ಲೇ ಆಗಿವೆ ಎಂದು ಕೇಂದ್ರದವರು ತಿದ್ದಿದ ಹೊತ್ತಿನ ಸಮೇತ ಪಟ್ಟಿ ತಂದು ಇಟ್ಟಾಗ ನನ್ನ ಕಥೆ ಮುಗಿಯಿತೆಂದುಕೊಂಡೆ. ವಾಮದೇವಪ್ಪನವರು ಎರಡೂ ನೋಟುಬುಕ್ಕು ಮುಂದಿಟ್ಟು, ಅಂಚೆ ಕಚೇರಿಯ ರಸೀದಿಯ ಮೇಲಿನ ಹೊತ್ತನ್ನು ತೋರಿಸಿ, "ಆ ಹೊತ್ತಿನಾಗ ಈ ಹುಡಿಗಿ ಕೋಣಿಯಾಗ ಇರಲಿಲ್ಲ" ಎಂದರು. ಆ ರಸೀದಿಗಳನ್ನು ತೆಗೆದಿಡಿ ಎಂದು ಕೊಟ್ಟೂರಿಗೆ ಬಂದ ದಿನವೇ ನನಗೆ ಹೇಳಿದ್ದವರು ಅವರೇ. ಸಾಹೇಬರಿಗೆ ಬೇರೆ ಕಡೆ ವರ್ಗವಾಯಿತು, ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ನನ್ನ ಕೆಲಸ ಉಳಿಯಿತು. ವಾಮದೇವಪ್ಪನವರ ಮೇಲಿನ ದೂರನ್ನು ಕೈಬಿಟ್ಟರು. ಆದರೆ ಸಂಬಂಧಿಕರ ಅಂಗಡಿ ಇರುವುದು ನಿಜವಾದ್ದರಿಂದ ಅವರನ್ನು ನಕ್ಷೆಯ ಕೆಲಸದಿಂದ ಬಿಡಿಸಿ ಹಳೆಯ ಕಚೇರಿಯ ದಾಖಲೆ ಕೋಣೆಗೆ ಕಳಿಸಿದರು.

ನಾನು ಹರಪನಹಳ್ಳಿಗೆ ಹೋದೆ. ದಾಖಲೆ ಕೋಣೆಯಲ್ಲಿ ಕಡತಗಳ ನಡುವೆ ನಿಂತಿದ್ದರು. ಕ್ಷಮೆ ಕೇಳಿದೆ. ಅವರು ಅಂಗಿಯ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ತೋರಿಸಿದರು. ನನ್ನ ದೂರಿನ ನಕಲು, ಉತ್ತರ ಕೊಡಿ ಎಂದು ಕೇಂದ್ರದವರು ಅವರಿಗೆ ಕಳಿಸಿದ್ದು. ಕೊಟ್ಟೂರಿಗೆ ಬಂದ ದಿನವೇ ಅದು ಅವರ ಜೇಬಿನಲ್ಲಿತ್ತಂತೆ.

"ಗೊತ್ತಿದ್ದೂ ಬಂದಿದ್ರೇನು ಸರ್?"

"ಅಕ್ಷರ ನಿಮ್ದು. ಮಾತು ನಿಮ್ದಲ್ಲ ಅನ್ನಿಸ್ತು. ಎರಡು ವರ್ಷ ದಿನಾ ಮಾತಾಡೀನಿ, ನೀವು ಹಂಗ ಮಾತಾಡೋರಲ್ಲ. ಅದನ್ನ ಖಾತ್ರಿ ಮಾಡ್ಕೊಳಾಕ ಬಂದೆ."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ.

"ಸಿಟ್ಟು ಐತಿ, ತಂಗಿ. ಇಲ್ಲ ಅಂದ್ರ ಸುಳ್ಳಾಗತೈತಿ. ನಡ್ರಿ, ಊಟದ ಹೊತ್ತಾತು."

ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಅವರ ಹೆಂಡತಿ ನನಗೂ ತಟ್ಟೆ ಹಾಕಿದರು. ಆಗಲೇ ಒಬ್ಬರು ಗಟ್ಟಿಯಾಗಿ ಮಾತಾಡುತ್ತಾ ಒಳಗೆ ಬಂದು, ಅಕ್ಕನನ್ನು ಉಪ್ಪಿನಕಾಯಿ ಕೇಳಿ, ನನ್ನ ಎದುರಿಗೆ ಕೂತರು. ಆ ತಮ್ಮ. ನಕ್ಷೆ ಕೈಬಿಟ್ಟ ಮೇಲೆ ಅವರಿಗೆ ಮನೆಯ ಬಾಗಿಲು ಮತ್ತೆ ತೆರೆದಿತ್ತು. ಆ ಹೆಸರನ್ನು ನಾನು ನನ್ನ ಕೈಯಾರೆ ಬರೆದಿದ್ದೆ.

"ಯಾರು ಮಾವ ಇವರು?" ಎಂದು ಅವರು ಕೇಳಿದರು.

ನಾನು ತಟ್ಟೆಯ ಮೇಲೆ ಬಗ್ಗಿ ರೊಟ್ಟಿ ಮುರಿಯತೊಡಗಿದೆ. ವಾಮದೇವಪ್ಪನವರು ನನ್ನ ಕಡೆ ನೋಡದೆ ಹೇಳಿದರು: "ಕೊಟ್ಟೂರಿನವರು. ನನ್ನ ಜೊತಿ ಕೆಲಸ ಮಾಡಿದವರು. ಚಲೋ ಕೆಲಸ ಮಾಡ್ತಾರ."

ವಾಮದೇವಪ್ಪನವರು ಬದುಕಿದ್ದಾಗ ಅವರನ್ನು ನಾನು ಕಂಡದ್ದು ಅದೇ ಕೊನೆ. ಎರಡು ವರ್ಷದ ಮೇಲೆ, ಯೋಜನೆ ಮುಚ್ಚಿ ನಾನು ಬೇರೆ ಕೆಲಸಕ್ಕೆ ಸೇರಿದ್ದಾಗ, ಅವರು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದವರು ಆ ತಮ್ಮ. ನನ್ನ ದೂರಿನ ಕಾಗದದ ವಿಷಯ ಆ ತಮ್ಮನಿಗೆ ಅವತ್ತಿಗೂ ತಿಳಿದಿರಲಿಲ್ಲ. ಮಣ್ಣು ಮಾಡುವ ಹೊತ್ತಿಗೆ ಹರಪನಹಳ್ಳಿಗೆ ಹೋದಾಗ ನನಗೆ ಚಹಾ ತರಿಸಿಕೊಟ್ಟು, ಸಂಜೆ ಬಸ್ಸಿನವರೆಗೆ ಬಂದು, ಸೀಟು ಹಿಡಿದು ಕೂರಿಸಿ ಹೋದರು. ಬಸ್ಸು ಚಿಗಟೇರಿ ದಾಟುವವರೆಗೂ ನಾನು ತಲೆಯೆತ್ತಲಿಲ್ಲ.